ಗುಜರಿ ಉಕ್ಕಿನ ಗುಣ ಪರೀಕ್ಷೆ: ನನ್ನ ಕುಲುಮೆಯ ಅನುಭವ

ಗುಜರಿ ಅಂಗಡಿಯ ರಾಶಿಯಿಂದ ಆರಿಸಿ ತಂದ ಉಕ್ಕಿನ ತುಂಡು ಯಾವ ದರ್ಜೆಯದು ಎಂಬುದನ್ನು ಮನೆಯ ಕುಲುಮೆಯಲ್ಲಿ ಖಚಿತವಾಗಿ ಹೇಳಲು ಸಾಧ್ಯವಿಲ್ಲ. ಅದಕ್ಕೆ ಪ್ರಯೋಗಾಲಯದ ಸ್ಪೆಕ್ಟ್ರೋಮೀಟರ್ ಬೇಕು. ಆದರೆ ಆ ತುಂಡು ಹದಕ್ಕೆ ಬರುತ್ತದೆಯೇ, ಅಂದರೆ ಕೆಂಪಗೆ ಕಾಯಿಸಿ ಒಮ್ಮೆಗೇ ತಣಿಸಿದಾಗ ಗಡುಸಾಗುತ್ತದೆಯೇ, ಆಗುವುದಾದರೆ ಎಣ್ಣೆಯಲ್ಲೋ ನೀರಿನಲ್ಲೋ, ಹದ ಹಿಡಿದ ಮೇಲೆ ಎಷ್ಟು ಗಡುಸಾಗುತ್ತದೆ, ಪೆಟ್ಟು ಬಿದ್ದರೆ ತಾಳುತ್ತದೆಯೇ ಎಂಬ ಪ್ರಶ್ನೆಗಳಿಗೆ ಒಂದು ಸಂಜೆಯ ಕೆಲಸದಲ್ಲಿ ಉತ್ತರ ಸಿಗುತ್ತದೆ. ಕತ್ತಿಯನ್ನೋ ಉಳಿಯನ್ನೋ ಮಾಡಹೊರಟವನಿಗೆ ಬೇಕಾದದ್ದು ಉಕ್ಕಿನ ಹೆಸರಲ್ಲ, ಈ ಉತ್ತರಗಳು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನಮ್ಮ ಅಡಕೆ ತೋಟದ ಅಂಚಿನಲ್ಲಿ, ಮುರಕಲ್ಲಿನ ಗೋಡೆಯ ಹಳೆಯ ಪಂಪು ಶೆಡ್ಡನ್ನೇ ಕುಲುಮೆಯಾಗಿ ಮಾಡಿಕೊಂಡು, ಬಿಡುವಿನ ಹೊತ್ತಿನಲ್ಲಿ ತೋಟಕ್ಕೆ ಬೇಕಾದ ಹತಾರಗಳನ್ನು ಬಡಿಯುತ್ತ ಬಂದಿರುವ ನಾನು, ಈ ಪರೀಕ್ಷೆಗಳನ್ನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಕೇಳಬೇಕಾದದ್ದು ಆ ತುಂಡು ಹಿಂದೆ ಏನಾಗಿತ್ತು ಎಂಬುದು. ಲಾರಿ ಅಥವಾ ಜೀಪಿನ ಲೀಫ್ ಸ್ಪ್ರಿಂಗ್ ಪಟ್ಟಿಯಾದರೆ ಅದರಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಇರುತ್ತದೆ. ಕತ್ತಿ, ಕೊಡಲಿಗಳಿಗೆ ನಮ್ಮ ಕಡೆಯ ಆಚಾರಿಗಳು ಬಹುಕಾಲದಿಂದ ಇದನ್ನೇ ನೆಚ್ಚಿಕೊಂಡಿದ್ದಾರೆ. ಹಳೆಯ ಒಳ್ಳೆಯ ಅರದಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಇಂಗಾಲ ಇರುತ್ತದೆ. ಬೇರಿಂಗಿನ ಬಳೆಯಲ್ಲಿ ಸುಮಾರು ಶೇಕಡಾ 1ರಷ್ಟು ಇಂಗಾಲ ಮತ್ತು 1.5ರಷ್ಟು ಕ್ರೋಮಿಯಂ ಇದ್ದು, ಅದು ಬಡಿಯಲು ಹಟಮಾರಿ. ಶಾಖ ಕಡಿಮೆಯಾದಾಗ ಬಡಿದರೆ ಬಿರುಕು ಬಿಡುತ್ತದೆ. ಗೇಟು, ಕಿಟಕಿ ಮಾಡುವವರು ಬಳಸುವ ಆಂಗಲ್ ಮತ್ತು ಪಟ್ಟಿಗಳಲ್ಲಿ ಇಂಗಾಲ ಶೇಕಡಾ 0.2ರ ಆಸುಪಾಸಿನಲ್ಲಿರುವುದರಿಂದ ಅಲಗಿಗೆ ಅವು ನಿರುಪಯೋಗಿ, ಇಕ್ಕುಳಕ್ಕೆ, ಕೊಕ್ಕೆಗೆ ಉತ್ತಮ.

ಈ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡರೆ ಸಾಕೆಂದು ಅನೇಕರು ಭಾವಿಸುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ, ಏಕೆಂದರೆ ವಸ್ತು ಒಂದೇ ಆದರೂ ಅದನ್ನು ತಯಾರಿಸುವವರು ಕಾಲಕಾಲಕ್ಕೆ ಉಕ್ಕನ್ನು ಬದಲಿಸುತ್ತಾರೆ. ಅಗ್ಗದ ಅರಗಳಲ್ಲಿ ಕೆಲವು ಮೇಲ್ಮೈಯಲ್ಲಿ ಮಾತ್ರ ಗಡುಸು. ಎಂಜಿನ್ನಿನ ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಕಡ್ಡಿ), ಗೇರಿನ ಹಲ್ಲು, ಕೆಲವು ಶಾಫ್ಟುಗಳು ಕೂಡ ಹಾಗೆಯೇ: ಹೊರಗಿನ ತೆಳುವಾದ ಪದರಕ್ಕೆ ಮಾತ್ರ ಇಂಗಾಲ ಉಣಿಸಿರುತ್ತಾರೆ, ಒಳಗಿನದು ಮೆತ್ತಗಿನ ಉಕ್ಕು. ಇನ್ನು ಹೆದ್ದಾರಿ 66ರ ಅಗಲೀಕರಣದ ಕಾಲದಲ್ಲಿ ನಮ್ಮ ಜಿಲ್ಲೆಯ ಗುಜರಿ ಅಂಗಡಿಗಳಿಗೆ ಯಥೇಚ್ಛವಾಗಿ ಬಂದ, ಕಾಂಕ್ರೀಟಿನೊಳಗೆ ಹಾಕುವ ಟಿಎಂಟಿ ಸರಳುಗಳು ಇನ್ನೊಂದು ಬಗೆಯಲ್ಲಿ ಮೋಸಗೊಳಿಸುತ್ತವೆ. ಕಾರ್ಖಾನೆಯಲ್ಲಿ ಕೆಂಪಗಿರುವಾಗಲೇ ನೀರು ಚಿಮ್ಮಿಸಿ ತಣಿಸುವುದರಿಂದ ಅವುಗಳ ಹೊರಸುತ್ತು ಗಡುಸಾಗಿರುತ್ತದೆ, ಅರ ಹಾಕಿದಾಗ ತುಸು ಎದುರು ನಿಲ್ಲುತ್ತದೆ. ಆದರೆ ಇಂಗಾಲ ಕಡಿಮೆ ಇರುವ ಕಾರಣ ಕುಲುಮೆಯಲ್ಲಿ ಕಾಯಿಸಿ ಆರಲು ಬಿಟ್ಟರೆ ಆ ಗಡುಸುತನ ಹೊರಟುಹೋಗುತ್ತದೆ, ಮತ್ತೆ ಅಲಗಿಗೆ ಸಾಲುವಷ್ಟು ಹದ ಹಿಡಿಯುವುದಿಲ್ಲ.

ಆದುದರಿಂದ ಎರಡನೆಯ ಹೆಜ್ಜೆ ಕಿಡಿಯ ಪರೀಕ್ಷೆ. ಗ್ರೈಂಡರ್ ಕಲ್ಲು ಉಕ್ಕಿನಿಂದ ಕಿತ್ತ ಕಣ ಗಾಳಿಯಲ್ಲಿ ಉರಿಯುತ್ತ ಹಾರುವಾಗ, ಅದರೊಳಗಿನ ಇಂಗಾಲ ಆಮ್ಲಜನಕದೊಂದಿಗೆ ಸೇರಿ ಅನಿಲವಾಗಿ ಕಣವನ್ನು ಒಡೆಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಕವಲು ಈ ಒಡೆತವೇ. ಇಂಗಾಲ ಕಡಿಮೆ ಇದ್ದರೆ ಗೆರೆಗಳು ಉದ್ದವಾಗಿ, ಹುಲ್ಲಿನ ಬಣ್ಣದಲ್ಲಿ, ಒಂದೆರಡು ಕವಲುಗಳೊಂದಿಗೆ ಹೋಗುತ್ತವೆ. ಇಂಗಾಲ ಏರಿದಂತೆ ಗೆರೆ ಗಿಡ್ಡವಾಗುತ್ತ, ಕವಲಿನ ಮೇಲೆ ಕವಲೊಡೆಯುತ್ತ, ಕಲ್ಲಿನ ಬುಡದಿಂದಲೇ ಸಿಡಿಯಲಾರಂಭಿಸುತ್ತದೆ. ಹಳೆಯ ಅರವನ್ನು ಹಿಡಿದಾಗ ದೀಪಾವಳಿಯ ನಕ್ಷತ್ರಕಡ್ಡಿ ಹಚ್ಚಿದಂತೆ ತೋರುತ್ತದೆ. ಬೀಡು ಕಬ್ಬಿಣದ ಕಿಡಿ ಗಿಡ್ಡ, ಬುಡದಲ್ಲಿ ಮಂಕು ಕೆಂಪು. ಪವರ್ ಹ್ಯಾಕ್ಸಾದ ಹೈಸ್ಪೀಡ್ ಉಕ್ಕಿನ ಬ್ಲೇಡಿನಿಂದ ವಿರಳವಾದ, ಕಡುಗೆಂಪಿನ, ಅಲ್ಲಲ್ಲಿ ತುಂಡಾದ ಗೆರೆಗಳು ಬರುತ್ತವೆ. ಅಂಥದು ಸಿಕ್ಕಿದರೆ ನಾನು ಕುಲುಮೆಗೆ ಇಡುವುದೇ ಇಲ್ಲ. ಸುಮಾರು 550 ಡಿಗ್ರಿಯವರೆಗೂ ಗಡುಸನ್ನು ಬಿಡದ ಆ ಉಕ್ಕನ್ನು ಹಾಗೆಯೇ ಉಜ್ಜಿ ಸಣ್ಣ ಚಾಕು ಮಾಡಿಕೊಳ್ಳುವುದು ಮೇಲು.

ಕಿಡಿಯನ್ನು ನೆನಪಿನಲ್ಲಿರುವ ಚಿತ್ರದೊಂದಿಗೆ ಹೋಲಿಸಬಾರದು, ಕೈಯಲ್ಲಿರುವ ಮಾದರಿಯೊಂದಿಗೆ ಹೋಲಿಸಬೇಕು. ಆಂಗಲ್ ತುಂಡು, ಲೀಫ್ ಸ್ಪ್ರಿಂಗ್ ತುಂಡು, ಹಳೆಯ ಅರ, ಬೇರಿಂಗ್ ಬಳೆ, ಪಂಪಿನ ಒಡೆದ ಬೀಡಿನ ಚೂರು ಇವನ್ನೆಲ್ಲ ಒಂದು ತಂತಿಗೆ ಪೋಣಿಸಿ ಗ್ರೈಂಡರಿನ ಪಕ್ಕದಲ್ಲೇ ತೂಗುಹಾಕಿದ್ದೇನೆ. ಗುರುತಿಲ್ಲದ ತುಂಡನ್ನೂ ಮಾದರಿಯನ್ನೂ ಒಂದೇ ಕಲ್ಲಿಗೆ, ಒಂದೇ ಒತ್ತಡದಲ್ಲಿ, ಒಂದರ ಬೆನ್ನಿಗೆ ಒಂದರಂತೆ ಹಿಡಿದರೆ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಕಲ್ಲಿನ ಹಿಂದೆ ಕಪ್ಪು ಟಾರ್ಪಾಲು ಇರಬೇಕು, ಬೆಳಕು ಮಂದವಾಗಿರಬೇಕು. ಆಟಿ ತಿಂಗಳಲ್ಲಿ ಮೋಡ ಕವಿದು ನಡುಹಗಲಲ್ಲೇ ಶೆಡ್ಡಿನೊಳಗೆ ಕತ್ತಲಾಗುವ ದಿನಗಳು ಇದಕ್ಕೆ ಹೇಳಿಸಿದಂತಿವೆ. ತುಂಡಿನ ಹೊರಮೈಯನ್ನು ಮಾತ್ರವಲ್ಲದೆ ಕತ್ತರಿಸಿದ ಒಳಮೈಯನ್ನೂ ಕಲ್ಲಿಗೆ ಹಿಡಿಯಬೇಕು. ಎರಡರ ಕಿಡಿಗಳು ಬೇರೆಬೇರೆಯಾಗಿ ಕಂಡರೆ ಅದು ಮೇಲ್ಮೈ ಮಾತ್ರ ಗಡುಸಾದ ವಸ್ತುವಾಗಿರಬಹುದು, ಇಲ್ಲವೇ ಹಿಂದೆ ಬೆಂಕಿಯಲ್ಲಿ ಬಹಳ ಹೊತ್ತು ಇದ್ದು ಹೊರಗಿನ ಇಂಗಾಲವನ್ನು ಕಳೆದುಕೊಂಡದ್ದಾಗಿರಬಹುದು.

ಇಷ್ಟಾದರೂ ಕಿಡಿ ಹೇಳುವುದು ಅರ್ಧ ಮಾತ್ರ. ಸಿಲಿಕಾನ್, ಕ್ರೋಮಿಯಂ, ನಿಕಲ್, ಟಂಗ್‌ಸ್ಟನ್ ಇವು ಕವಲೊಡೆಯುವುದನ್ನು ತಡೆಯುತ್ತವೆ. ಹೀಗಾಗಿ ಇಂಗಾಲ ಸಾಕಷ್ಟಿರುವ ಮಿಶ್ರ ಉಕ್ಕು ಕಿಡಿಯಲ್ಲಿ ಬಡವಾಗಿ ಕಾಣಬಹುದು. ನಿಶ್ಚಯವಾದ ಮಾತು ಬೆಂಕಿಯಿಂದ ಮತ್ತು ಮುರಿತದಿಂದಲೇ ಬರಬೇಕು, ಮತ್ತು ಈ ಹಂತವನ್ನು ಯಾರೂ ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದೇ ಪಟ್ಟಿಯಿಂದ ಬೆರಳುದ್ದದ ಮೂರು ತುಂಡುಗಳನ್ನು ಕತ್ತರಿಸಿ, ಮಾಡಬೇಕೆಂದಿರುವ ಹತಾರದ ಅಲಗಿನಷ್ಟೇ ದಪ್ಪಕ್ಕೆ ಬಡಿದುಕೊಳ್ಳುತ್ತೇನೆ. ದಪ್ಪದ ಈ ನಿಯಮ ಮುಖ್ಯವಾದದ್ದು: ತೆಳು ತುಂಡು ಬೇಗ ತಣಿಯುವುದರಿಂದ ಎಣ್ಣೆಯಲ್ಲಿ ಗಡುಸಾದೀತು, ಅದೇ ಉಕ್ಕಿನ ದಪ್ಪ ತುಂಡು ಆಗದೆ ಉಳಿದೀತು. ಗೆರಟೆಯ ಇದ್ದಿಲಿನ ಬೆಂಕಿಯಲ್ಲಿ, ಕೈ ಬ್ಲೋವರನ್ನು ನಿಧಾನವಾಗಿ ತಿರುಗಿಸುತ್ತ ತುಂಡನ್ನು ಕಾಯಿಸಿ, ಆಗಾಗ ಹೊರತೆಗೆದು ಅಯಸ್ಕಾಂತಕ್ಕೆ ತಾಗಿಸಿ ನೋಡುತ್ತೇನೆ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಹದಕ್ಕೆ ಅದಕ್ಕಿಂತ ತುಸು ಹೆಚ್ಚಿನ, ಅಂದರೆ 800ರಿಂದ 850ರ ಶಾಖ ಬೇಕು. ಕಣ್ಣಿನ ಅಂದಾಜು ಶೆಡ್ಡಿನ ಬೆಳಕನ್ನು ಹೊಂದಿ ಬದಲಾಗುವುದರಿಂದ, ಬಣ್ಣಕ್ಕಿಂತ ಅಯಸ್ಕಾಂತವನ್ನೇ ನಾನು ಹೆಚ್ಚು ನಂಬುತ್ತೇನೆ.

ಆ ಶಾಖದಲ್ಲಿ ಮೊದಲನೆಯ ತುಂಡನ್ನು ಗಾಳಿಯಲ್ಲೇ ಆರಲು ಬಿಡುತ್ತೇನೆ, ಎರಡನೆಯದನ್ನು ಬೆಚ್ಚಗಿನ ಎಣ್ಣೆಯಲ್ಲಿ ಅದ್ದುತ್ತೇನೆ. ಅಡುಗೆಗೆ ಬಾರದ ಕಮಟು ತೆಂಗಿನೆಣ್ಣೆಯನ್ನು 50ರಿಂದ 60 ಡಿಗ್ರಿಗೆ ಬಿಸಿ ಮಾಡಿ, ಮುಚ್ಚಳವಿರುವ ಕಬ್ಬಿಣದ ಡಬ್ಬದಲ್ಲಿ ಇಟ್ಟುಕೊಂಡಿರುತ್ತೇನೆ. ಬೆಂಕಿ ಹತ್ತಿಕೊಂಡರೆ ಮುಚ್ಚಳವೇ ರಕ್ಷಣೆ. ವಾಹನದ ಸುಟ್ಟ ಆಯಿಲನ್ನು ಕೆಲವರು ಬಳಸುತ್ತಾರೆ, ಅದರ ಹೊಗೆ ಎದೆಗೆ ಒಳ್ಳೆಯದಲ್ಲ. ತಣಿದ ತುಂಡುಗಳ ಅಂಚಿಗೆ ಹೊಸ ಅರವನ್ನು ಹಾಕಿದಾಗ, ಗಾಳಿಯಲ್ಲಿ ಆರಿದ್ದೇ ಅರಕ್ಕೆ ಜಗ್ಗದಿದ್ದರೆ ಅದು ಗಾಳಿಯಲ್ಲೇ ಗಡುಸಾಗುವ ಮಿಶ್ರ ಉಕ್ಕು. ನನ್ನ ಬೆಂಕಿಗೆ ಅದು ಹೇಳಿದ್ದಲ್ಲವೆಂದು ಬದಿಗಿಡುತ್ತೇನೆ. ಎಣ್ಣೆಯದರ ಮೇಲೆ ಅರ ಕಚ್ಚದೆ ಜಾರಿದರೆ ಬೇಕಾದ ಉಕ್ಕು ಸಿಕ್ಕಿತೆಂದು ಅರ್ಥ. ಎಣ್ಣೆಯಲ್ಲಿ ಮೆತ್ತಗೇ ಉಳಿದರೆ ಮಾತ್ರ ಮೂರನೆಯ ತುಂಡನ್ನು ನೀರಿಗೆ ಇಳಿಸುತ್ತೇನೆ. ಈ ಅನುಕ್ರಮವನ್ನು ತಿರುವುಮುರುವು ಮಾಡಬಾರದು, ಏಕೆಂದರೆ ಎಣ್ಣೆಯಲ್ಲಿ ಹದಗೊಳ್ಳುವ ಸ್ಪ್ರಿಂಗ್ ಉಕ್ಕು ನೀರಿನಲ್ಲಿ ಬಿರುಕು ಬಿಡುವ ಸಂಭವವಿದೆ, ಆಗ ಒಳ್ಳೆಯ ಉಕ್ಕನ್ನೇ ಕೆಟ್ಟದೆಂದು ಎಸೆಯಬೇಕಾಗುತ್ತದೆ.

ಬಳಿಕ ಗಡುಸಾದ ತುಂಡನ್ನು ವೈಸಿಗೆ ಕಚ್ಚಿಸಿ, ಗೋಣಿ ಹೊದಿಸಿ, ಕನ್ನಡಕ ಧರಿಸಿ, ಸುತ್ತಿಗೆಯಿಂದ ಹೊಡೆದು ಮುರಿಯುತ್ತೇನೆ. ಮುರಿದ ಮೈ ನಯವಾದ ಬೂದುಬಣ್ಣದಲ್ಲಿ, ಕಣಗಳೇ ಕಾಣದಂತಿದ್ದರೆ ಶಾಖ ಸರಿಯಾಗಿತ್ತು. ಮಿನುಗುವ ದಪ್ಪ ಹರಳುಗಳು ಕಂಡರೆ ಹೆಚ್ಚು ಕಾಯಿಸಿದ್ದಾಯಿತು. ಒಂದು ಉಕ್ಕಿಗೆ ತಕ್ಕ ಶಾಖ ಯಾವುದೆಂದು ನಿಖರವಾಗಿ ತಿಳಿಯಬೇಕಿದ್ದರೆ ಮೆಟ್ಕಾಫ್ ಪರೀಕ್ಷೆ ಇದೆ. ಒಂದು ಪಟ್ಟಿಯ ಉದ್ದಕ್ಕೂ ಸಮ ಅಂತರದಲ್ಲಿ ಗೀರು ಹಾಕಿ, ಒಂದು ತುದಿ ಬಿಳಿಗಾವಿಗೆ ಬರುವಂತೆಯೂ ಇನ್ನೊಂದು ತುದಿ ಕಪ್ಪಾಗಿಯೇ ಉಳಿಯುವಂತೆಯೂ ಕಾಯಿಸಿ, ಒಮ್ಮೆಗೇ ತಣಿಸಿ, ಗೀರುಗಳಲ್ಲಿ ಒಂದೊಂದಾಗಿ ಮುರಿಯುತ್ತ ಹೋದರೆ, ದಪ್ಪ ಹರಳಿನಿಂದ ನಯವಾದ ಕಣಕ್ಕೆ ದಾಟುವ ಜಾಗ ಕೈಗೆ ಸಿಗುತ್ತದೆ. ಒಂದೇ ಲಾರಿಯ ಸ್ಪ್ರಿಂಗ್ ಪಟ್ಟಿಗಳ ಕಟ್ಟು ತಂದಾಗ ಇಷ್ಟು ಶ್ರಮ ಪಡುವುದು ಸಾರ್ಥಕ, ಏಕೆಂದರೆ ಆ ಕಟ್ಟು ವರ್ಷಗಟ್ಟಲೆ ಬಾಳುತ್ತದೆ.

ಉಕ್ಕು ಒಳ್ಳೆಯದೆಂದು ತಿಳಿದರೂ ತುಂಡು ಒಳ್ಳೆಯದಾಗಿರಬೇಕೆಂದಿಲ್ಲ. ಘಾಟಿಯ ರಸ್ತೆಗಳಲ್ಲಿ ಭಾರ ಹೊತ್ತು ಬಳಲಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಮುಖ್ಯವಾಗಿ ನಡುವಿನ ಬೋಲ್ಟಿನ ತೂತಿನ ಸುತ್ತ. ಅದಕ್ಕಾಗಿ ತುಕ್ಕನ್ನು ಉಜ್ಜಿ ತೆಗೆದು, ಸೀಮೆಎಣ್ಣೆ ಸವರಿ, ಅದು ಒಳಗಿಳಿಯಲು ಸಮಯ ಕೊಟ್ಟು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಒಣ ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸುತ್ತೇನೆ. ಬಿರುಕಿದ್ದರೆ ಅದರೊಳಗಿನ ಎಣ್ಣೆ ಮೇಲೇರಿ, ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ಬೋಲ್ಟಿನ ತೂತಿನ ಭಾಗವನ್ನು ನಾನು ಪರೀಕ್ಷಿಸದೆಯೇ ಕತ್ತರಿಸಿ ಬಿಡುತ್ತೇನೆ.

ಮುರಿದು ನೋಡಿ ಒಪ್ಪಿದ ಉಕ್ಕಿನಿಂದ ಮಾಡಿದ ಹತಾರವನ್ನು ಹದ ಹಿಡಿಸಿದ ಮೇಲೆ ಹಾಗೆಯೇ ಬಿಡದೆ ಮತ್ತೆ ತುಸು ಕಾಯಿಸಿ ಪೆಡಸುತನವನ್ನು ಇಳಿಸಬೇಕು. ಉಜ್ಜಿ ಹೊಳಪು ಮಾಡಿದ ಮೈಯಲ್ಲಿ 220 ಡಿಗ್ರಿಯ ಆಸುಪಾಸಿನಲ್ಲಿ ಹುಲ್ಲುಹಳದಿ, 280ರ ಹೊತ್ತಿಗೆ ನೇರಳೆ, 300ರ ಹತ್ತಿರ ನೀಲಿ ಬಣ್ಣ ಕಾಣುತ್ತದೆ. ಮರಗೆಲಸದ ಉಳಿಗೆ ಹಳದಿಯಲ್ಲೇ ನಿಲ್ಲಿಸುತ್ತೇನೆ. ಒಣ ಬಿದಿರನ್ನೂ ಮರದ ಗಂಟನ್ನೂ ಕಡಿಯಬೇಕಾದ ತೋಟದ ಕತ್ತಿಗೆ ನೇರಳೆಯವರೆಗೆ ಹೋಗುತ್ತೇನೆ, ಅಲಗು ಬೇಗ ಸವೆದರೂ ಚಿಂದಿಯಾಗಬಾರದು.

ಕೆಲವು ವಸ್ತುಗಳನ್ನು ನಾನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರುವುದಿಲ್ಲ. ಸತು ಲೇಪಿಸಿದ ಪೈಪು ಕುಲುಮೆಯಲ್ಲಿ ಬಿಡುವ ಬಿಳಿ ಹೊಗೆಯಿಂದ ಜ್ವರ, ನಡುಕ ಬರುತ್ತದೆ. ಹೊಳೆಯುವ ಕ್ರೋಮ್ ಲೇಪದ ಹೈಡ್ರಾಲಿಕ್ ದಂಡವನ್ನು ಕಾಯಿಸುವುದು, ಉಜ್ಜುವುದು ಅದಕ್ಕಿಂತ ಕೆಟ್ಟದ್ದು. ಶಾಕ್ ಅಬ್ಸಾರ್ಬರಿನೊಳಗೆ ಒತ್ತಡದ ಅನಿಲ ಇರಬಹುದು. ಎಂಜಿನ್ನಿನ ಕೆಲವು ವಾಲ್ವುಗಳ ಟೊಳ್ಳಿನಲ್ಲಿ ಸೋಡಿಯಂ ತುಂಬಿರುತ್ತದೆ, ಕತ್ತರಿಸಿದಾಗ ನೀರು ಸೋಕಿದರೆ ಅದು ಹೊತ್ತಿಕೊಳ್ಳುತ್ತದೆ. ರೈಲು ಹಳಿಯ ತುಂಡು ಅಡಿಗಲ್ಲಿಗೆ, ಅಂದರೆ ಕಾದ ಉಕ್ಕನ್ನು ಇಟ್ಟು ಬಡಿಯುವ ಗಟ್ಟಿಗೆ, ಬಹಳ ಒಳ್ಳೆಯದೆಂಬುದು ನಿಜ, ಆದರೆ ಸರಿಯಾದ ಹರಾಜಿನ ದಾಖಲೆ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು 1966ರ ರೈಲ್ವೆ ಆಸ್ತಿ ಕಾಯಿದೆಯಡಿ ಅಪರಾಧ. ನನ್ನ ಅಡಿಗಲ್ಲು ಮಂಗಳೂರಿನಿಂದ ಬಿಲ್ಲು ಸಹಿತ ಕೊಂಡ ದಪ್ಪ ಉಕ್ಕಿನ ಗಟ್ಟಿ.

ಪರೀಕ್ಷೆ ಮುಗಿದ ಪಟ್ಟಿಗೆ ಉಳಿಯಿಂದ ಗುರುತು ಕೆತ್ತುತ್ತೇನೆ, ಬಣ್ಣ ಬಳಿದರೆ ನಮ್ಮ ಮಳೆಗಾಲದ ತುಕ್ಕಿನಡಿಯಲ್ಲಿ ಅದು ಉಳಿಯುವುದಿಲ್ಲ. ಎಣ್ಣೆಯಲ್ಲಿ ಹದಗೊಂಡದ್ದಕ್ಕೆ ಒಂದು ಗೀರು, ನೀರಿನದಕ್ಕೆ ಎರಡು, ಹದಕ್ಕೆ ಬಾರದ್ದಕ್ಕೆ ಅಡ್ಡಗೀರು. ಎಲ್ಲಿಂದ ತಂದದ್ದು, ಕಿಡಿ ಹೇಗಿತ್ತು, ಯಾವ ಬಣ್ಣಕ್ಕೆ ಇಳಿಸಿದಾಗ ಅಲಗು ನಿಂತಿತು ಎಂಬುದನ್ನು ಪುಸ್ತಕದಲ್ಲಿ ಬರೆದು, ಮುರಿದ ತುಂಡನ್ನು ಎಣ್ಣೆ ಸವರಿ ಪೊಟ್ಟಣ ಕಟ್ಟಿ ಇಡುತ್ತೇನೆ. ಗುರುತನ್ನು ಪಟ್ಟಿಯ ಒಂದೇ ತುದಿಯಲ್ಲಿ ಹಾಕಿ, ಕತ್ತರಿಸುವುದನ್ನು ಯಾವಾಗಲೂ ಇನ್ನೊಂದು ತುದಿಯಿಂದ ಆರಂಭಿಸಬೇಕು.