ಮನೆಯ ಫೋಟೊಗಳನ್ನು ಮನೆಯಲ್ಲೇ ಇಟ್ಟುಕೊಂಡೆವು: ನನ್ನ ಅನುಭವ

ಎರಡು ಮಳೆಗಾಲದ ಹಿಂದೆ ತಂಗಿಯ ಫೋನ್ ನೀರು ತುಂಬಿದ ಬಕೆಟ್‌ಗೆ ಬಿತ್ತು. ಒಣಗಿಸಿದೆವು, ರಿಪೇರಿಗೆ ಕೊಟ್ಟೆವು, ನಾಲ್ಕು ದಿನ ಕಾದೆವು. ಆನ್ ಆಗಲೇ ಇಲ್ಲ. ಅವಳ ಮಗುವಿನ ನಾಮಕರಣದ ಫೋಟೊಗಳೆಲ್ಲ ಅದರಲ್ಲೇ ಇದ್ದವು. ವಾಟ್ಸ್‌ಆ್ಯಪ್‌ನಲ್ಲಿ ನಮಗೆ ಕಳಿಸಿದ್ದ ಹದಿನೆಂಟು ಮಾತ್ರ ಉಳಿದವು. ತಂಗಿ ಅಳಲಿಲ್ಲ, ಸುಮ್ನೆ ಕೂತಿದ್ದಳು. ಅದನ್ನು ನೋಡುವುದೇ ನನಗೆ ಜಾಸ್ತಿ ಕಷ್ಟವಾಯಿತು.

ಅವತ್ತು ರಾತ್ರಿ ಮನೆಯ ಫೋಟೊಗಳು ಎಲ್ಲೆಲ್ಲಿವೆ ಅಂತ ಒಂದು ಹಾಳೆಯಲ್ಲಿ ಬರೆದೆ. ನನ್ನ ಫೋನು, ಅಮ್ಮನ ಫೋನು, ಎರಡು ಹಳೆಯ ಹಾರ್ಡ್ ಡಿಸ್ಕು, ಮದುವೆ ಸಿ.ಡಿ.ಗಳು, ಅಟ್ಟದ ಮೇಲಿನ ಟ್ರಂಕಿನಲ್ಲಿ ಅಪ್ಪನ ಆಲ್ಬಮ್‌ಗಳು. ಇವುಗಳ ಜೊತೆಗೆ ಅಪ್ಪನ ಗೂಗಲ್ ಖಾತೆ. ಅಪ್ಪ ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತ್ತು. ಪಾಸ್‌ವರ್ಡನ್ನು ಅಪ್ಪ ತಮ್ಮ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದರು. ಅದೊಂದು ದೊಡ್ಡ ಪುಣ್ಯ.

ಎಲ್ಲವನ್ನೂ ಒಂದು ಕ್ಲೌಡ್ ಸೇವೆಗೆ ಹಾಕಿ, ತಿಂಗಳು ತಿಂಗಳು ದುಡ್ಡು ಕಟ್ಟಬಹುದಿತ್ತು. ಆ ಸೇವೆಗಳ ಬಗ್ಗೆ ನನಗೆ ದ್ವೇಷವಿಲ್ಲ. 2015ರಲ್ಲಿ ಗೂಗಲ್ ಫೋಟೋಸ್ ಬಂದಾಗ ಮನೆಯವರಿಗೆಲ್ಲ ಹಾಕಿಕೊಟ್ಟವಳು ನಾನೇ. ಆಗ ಎಷ್ಟು ಫೋಟೊ ಬೇಕಾದರೂ ಬಿಟ್ಟಿಯಾಗಿ ಇಡಬಹುದಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಈಗ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ 15 ಜಿ.ಬಿ. ಬಾಡಿಗೆ ಕೊಟ್ಟು ಇಡುವುದು ತಪ್ಪಲ್ಲ. ಆದರೆ ಖಾತೆ ಒಬ್ಬರ ಹೆಸರಿನಲ್ಲಿ ಇರುತ್ತದೆ. ಆ ಒಬ್ಬರು ಇಲ್ಲವಾದರೆ ಬೀಗದ ಕೈ ಯಾರ ಹತ್ತಿರ? ಅಪ್ಪನ ಖಾತೆಯ ಮುಂದೆ ಕೂತಾಗ ನನ್ನನ್ನು ಕಾಡಿದ್ದು ಇದೇ ಪ್ರಶ್ನೆ. ಇಡೀ ಮನೆಗೆ ಸೇರಿದ ಫೋಟೊಗಳ ಒಂದು ಪ್ರತಿಯಾದರೂ ಮನೆಯಲ್ಲೇ ಇರಬೇಕು ಅಂತ ತೀರ್ಮಾನ ಮಾಡಿದೆ.

ಇದಕ್ಕೆಂದೇ ಮಾಡಿದ ಪೆಟ್ಟಿಗೆಗಳು ಸಿಗುತ್ತವೆ, ನ್ಯಾಸ್ ಅನ್ನುತ್ತಾರೆ. ಚೆನ್ನಾಗಿರುತ್ತವೆ, ಬೆಲೆ ಜಾಸ್ತಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂಡ ಯೋಚಿಸಿದೆ. ಕೊನೆಗೆ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪನ್ನೇ ಆರಿಸಿಕೊಂಡೆ. ಎಂಟು ಜಿ.ಬಿ. ರ‍್ಯಾಮ್ ಇತ್ತು. ಅದರಲ್ಲಿ ಬ್ಯಾಟರಿಯೂ ಇತ್ತು, ನನಗೆ ಮುಖ್ಯವಾದದ್ದು ಅದೇ. ರಾಜಾಜಿನಗರದ ನಮ್ಮ ರಸ್ತೆಯಲ್ಲಿ ಮಳೆ ಬಂದರೆ ಕರೆಂಟ್ ಹೋಗುತ್ತದೆ. ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್‌ಗಳು ಕೆಡಬಹುದು. ಲ್ಯಾಪ್‌ಟಾಪಿಗೆ ಬೇರೆ ಯು.ಪಿ.ಎಸ್. ಬೇಡ. ಒಂದು ಎಚ್ಚರಿಕೆ ಹೇಳಬೇಕು: ಸದಾ ಚಾರ್ಜರ್‌ಗೆ ಹಾಕಿಟ್ಟರೆ ಬ್ಯಾಟರಿ ಊದಿಕೊಳ್ಳುವ ಅಪಾಯವಿದೆ. ಸೆಟಿಂಗ್‌ನಲ್ಲಿ ಚಾರ್ಜ್ ಶೇ 60ಕ್ಕೆ ನಿಲ್ಲುವಂತೆ ಮಾಡಿದ್ದೇನೆ. ತಿಂಗಳಿಗೊಮ್ಮೆ ಕೆಳಭಾಗ ಉಬ್ಬಿದೆಯಾ ಅಂತ ಕೈಯಾಡಿಸಿ ನೋಡುತ್ತೇನೆ.

ಒಂದು ಶನಿವಾರ ಮೆಟ್ರೊದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಅಲ್ಲಿಂದ ನಡೆದು ಎಸ್.ಪಿ. ರೋಡ್ ಸೇರಿದೆ. ಒಂದು ಟಿ.ಬಿ.ಯ, ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಎಸ್‌.ಎಸ್‌.ಡಿ. ಒಂದು, ಎರಡು ಟಿ.ಬಿ.ಯ ಹಾರ್ಡ್ ಡಿಸ್ಕ್ ಎರಡು ತಗೊಂಡೆ. ಅಂಗಡಿಯ ಹುಡುಗ ಲ್ಯಾಪ್‌ಟಾಪ್ ತಿರುಗಿಸಿ ನೋಡಿ, "ಮೇಡಂ, ಇದನ್ನ ಹಗಲು ರಾತ್ರಿ ಓಡಿಸ್ತೀರಾ? ಹಾಗಾದ್ರೆ ಮೊದಲು ಫ್ಯಾನ್ ಕ್ಲೀನ್ ಮಾಡಿಸಿ, ಪ್ರೊಸೆಸರ್ ಮೇಲಿನ ಪೇಸ್ಟ್ ಬದಲಾಯಿಸಿ" ಅಂದ. ಅವನೇ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟ. ಅಂದಿನಿಂದ ಒಮ್ಮೆಯೂ ಅದು ಬಿಸಿಯಾಗಿ ನಿಂತಿಲ್ಲ. ಸುಮ್ಮನಿರುವಾಗ ಸುಮಾರು 15 ವ್ಯಾಟ್ ಎಳೆಯುತ್ತದೆ. ತಿಂಗಳಿಗೆ ಹತ್ತು ಹನ್ನೊಂದು ಯೂನಿಟ್ ಅಷ್ಟೇ.

ಅದಕ್ಕೆ ವಿಂಡೋಸ್ ಬದಲಿಗೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ, ಅದರ ಮೇಲೆ ಇಮಿಚ್ ಎಂಬ ತಂತ್ರಾಂಶ ಹಾಕಿದೆ. ಇದು ಓಪನ್ ಸೋರ್ಸ್. ನೋಡಲು ಗೂಗಲ್ ಫೋಟೋಸ್ ಥರವೇ ಇದೆ. ಫೋನಿನಲ್ಲಿ ಅದರ ಆ್ಯಪ್ ಹಾಕಿದರೆ ಹೊಸ ಫೋಟೊಗಳು ವೈಫೈ ಸಿಕ್ಕಾಗ ತಾವಾಗಿಯೇ ಮನೆಯ ಲ್ಯಾಪ್‌ಟಾಪಿಗೆ ಬರುತ್ತವೆ. ಮುಖ ಗುರುತಿಸುವ ಕೆಲಸವನ್ನೂ ನಮ್ಮ ಯಂತ್ರದಲ್ಲೇ ಮಾಡುತ್ತದೆ, ಮಕ್ಕಳ ಮುಖಗಳು ಹೊರಗೆ ಹೋಗುವುದಿಲ್ಲ. ಇಂಥ ತಂತ್ರಾಂಶಗಳನ್ನು ಹಾಕಿ ಓಡಿಸಲು ಬಳಸುವ ಡಾಕರ್ ಎಂಬ ಸಾಧನ ಗೊತ್ತಿದ್ದವರಿಗೆ ಒಂದು ಸಂಜೆಯ ಕೆಲಸ, ನನಗೆ ಎರಡು ಸಂಜೆ ಹಿಡಿಯಿತು. ಹೊರಗಿನಿಂದ ನೋಡಲು ಮೊದಲು ಆಗಲಿಲ್ಲ. ಎಷ್ಟೋ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಒಂದೇ ಐ.ಪಿ. ವಿಳಾಸ ಇರುತ್ತದೆ, ಹೊರಗಿನಿಂದ ನೇರವಾಗಿ ನಮ್ಮ ಮನೆಗೆ ದಾರಿ ಇರುವುದಿಲ್ಲ. ನಮ್ಮ ಸಾಧನಗಳನ್ನು ಇಂಟರ್ನೆಟ್ ಮೂಲಕ ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿದ ಮೇಲೆ ಸರಿಹೋಯಿತು. ಈಗ ತಂಗಿ ಮೈಸೂರಿನಲ್ಲಿ ಕೂತೇ ನೋಡುತ್ತಾಳೆ.

ಯಂತ್ರದ ಕೆಲಸ ಇಲ್ಲಿಗೆ ಮುಗಿಯಿತು. ಒಂದು ವಾರವೂ ಆಗಲಿಲ್ಲ. ಆಮೇಲೆ ಎಂಟು ತಿಂಗಳು ಹಿಡಿದದ್ದು ತಾರೀಖು ಮತ್ತು ಹೆಸರುಗಳ ಕೆಲಸ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಫೋನಿನ ಪ್ರತಿ ಫೋಟೊದ ಒಳಗೂ ತೆಗೆದ ದಿನ, ಹೊತ್ತು ಬರೆದಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದಾಗ ಅದು ಅಳಿಸಿಹೋಗುತ್ತದೆ, ಗಾತ್ರವೂ ಕುಗ್ಗುತ್ತದೆ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಎರಡೂ ಉಳಿಯುತ್ತವೆ. ನಾಮಕರಣದ ಹದಿನೆಂಟು ಫೋಟೊಗಳು ಮೊದಲ ಬಾರಿಗೆ ಇಮಿಚ್‌ಗೆ ಬಂದಾಗ ನಾನು ಕಾಪಿ ಮಾಡಿದ ದಿನದ ಕೆಳಗೆ ಕೂತವು. ಆದರೆ ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಫೈಲ್ ಹೆಸರಿನೊಳಗೇ ಬಂದ ದಿನದ ಎಂಟು ಅಂಕಿ ಇರುತ್ತದೆ: ವರ್ಷ, ತಿಂಗಳು, ದಿನ. ಎಕ್ಸಿಫ್‌ಟೂಲ್ ಎಂಬ ಸಣ್ಣ ಸಾಧನದಿಂದ ಆ ಅಂಕಿಗಳನ್ನು ಫೋಟೊದೊಳಗೆ ಬರೆಸಿದೆ. ಗೂಗಲ್ ಖಾತೆಯಲ್ಲಿರುವುದನ್ನು ಇಳಿಸಿಕೊಳ್ಳುವ ಸೌಲಭ್ಯವಾದ ಗೂಗಲ್ ಟೇಕ್‌ಔಟ್‌ನಿಂದ ಇಳಿಸಿಕೊಂಡ ಅಪ್ಪನ ಫೋಟೊಗಳ ಪಕ್ಕದಲ್ಲಿ ಜೇಸನ್ ಎಂಬ ಪುಟ್ಟ ಫೈಲ್‌ಗಳು ಬರುತ್ತವೆ. ತಾರೀಖಿನ ವಿವರ ಅದರಲ್ಲೂ ಇರುತ್ತದೆ. ಕಸ ಅಂದುಕೊಂಡು ಅವನ್ನು ಅಳಿಸಬೇಡಿ. ಇಮಿಚ್-ಗೋ ಎಂಬ ಸಾಧನ ಎರಡನ್ನೂ ಜೋಡಿಸಿಕೊಡುತ್ತದೆ.

ಸೋದರಮಾವನ ಮದುವೆಯದು ಬೇರೆ ಕಥೆ. ನಮ್ಮ ಮೊದಲ ಡಿಜಿಟಲ್ ಕ್ಯಾಮೆರಾದ ಗಡಿಯಾರ ಬ್ಯಾಟರಿ ತೆಗೆದಾಗಲೆಲ್ಲ ಹಿಂದಕ್ಕೆ ಓಡುತ್ತಿತ್ತು. ಮದುವೆಯ ಇನ್ನೂರು ಫೋಟೊಗಳೂ 2004ರ ಜನವರಿ 1 ಅಂತ ತೋರಿಸುತ್ತಿದ್ದವು. ಮದುವೆ ಆಗಿದ್ದು 2006ರ ಮೇ ತಿಂಗಳಲ್ಲಿ. ಅಮ್ಮ ಬೀರುವಿನಿಂದ ಲಗ್ನಪತ್ರಿಕೆ ತೆಗೆದುಕೊಟ್ಟಳು. ಅದರಲ್ಲಿ ದಿನವೂ ಇತ್ತು, ಕರ್ಕಾಟಕ ಲಗ್ನದ ಮುಹೂರ್ತದ ಹೊತ್ತೂ ಇತ್ತು. ಮಾಂಗಲ್ಯಧಾರಣೆಯ ಫೋಟೊವನ್ನು ಆ ಹೊತ್ತಿಗೆ ಹೊಂದಿಸಿ, ಉಳಿದ ಎಲ್ಲವನ್ನೂ ಅಷ್ಟೇ ಅಂತರ ಮುಂದಕ್ಕೆ ಸರಿಸಿದೆ. ಕಾಶಿಯಾತ್ರೆ, ಧಾರೆ, ಊಟದ ಪಂಕ್ತಿ ಎಲ್ಲ ನಡೆದ ಕ್ರಮದಲ್ಲೇ ನಿಂತವು.

ಅಪ್ಪನ ಆಲ್ಬಮ್‌ಗಳಿಗೆ ಇಂಥ ಯಾವ ದಾರಿಯೂ ಇರಲಿಲ್ಲ. ಪ್ಲಾಸ್ಟಿಕ್ ಹಾಳೆಯ ಕೆಳಗೆ ಅಂಟಿಕೊಂಡ ಫೋಟೊಗಳು, ಮೂಲೆಗಳಲ್ಲಿ ಬೂಷ್ಟು. ಎಳೆದರೆ ಹರಿಯುತ್ತವೆ. ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಫೋಟೊದ ಕೆಳಗೆ ಮೆಲ್ಲಗೆ ಗರಗಸದಂತೆ ಆಡಿಸಿ ಬಿಡಿಸಿದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹೊಳಪು ಬೀಳುತ್ತದೆ, ಅಂಚು ಬಾಗುತ್ತದೆ. ಗೆಳತಿಯ ಮನೆಯಿಂದ ಸ್ಕ್ಯಾನರ್ ತಂದು 600 ಡಿ.ಪಿ.ಐ.ನಲ್ಲಿ (ಇಂಚಿಗೆ 600 ಚುಕ್ಕೆ) ಮಾಡಿದೆ. ಚಿಕ್ಕ ಪ್ರಿಂಟ್‌ಗಳಿಗೆ ಅದು ಸಾಕು. ಪ್ರತಿ ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿದೆ. ಅಲ್ಲಿ ಸ್ಟುಡಿಯೊದ ಮೊಹರು ಇರುತ್ತದೆ, ಕೆಲವು ಕಡೆ ಅಪ್ಪನ ಅಕ್ಷರ.

ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಅಮ್ಮನನ್ನು ಟಿ.ವಿ. ಮುಂದೆ ಕೂರಿಸಿದೆ. ಲ್ಯಾಪ್‌ಟಾಪ್‌ನಿಂದ ಒಂದೊಂದೇ ಮುಖ ದೊಡ್ಡದಾಗಿ ಬರುತ್ತಿತ್ತು. ಅಮ್ಮ ಹೆಸರು ಹೇಳುವುದು, ನಾನು ಕನ್ನಡದಲ್ಲಿ ಟೈಪ್ ಮಾಡುವುದು. ಇಮಿಚ್ ಅಮ್ಮನನ್ನೂ ದೊಡ್ಡಮ್ಮನನ್ನೂ ಒಬ್ಬರೇ ಅಂತ ಸೇರಿಸಿಬಿಟ್ಟಿತ್ತು. ಅಮ್ಮ ಒಂದೇ ನೋಟಕ್ಕೆ ಬೇರೆ ಮಾಡಿದಳು. "ಅಕ್ಕನಿಗೆ ಎರಡೂ ಕಡೆ ಮೂಗುಬೊಟ್ಟು ಕಣೇ, ನನಗೆ ಒಂದೇ ಕಡೆ." ನಾನು ಹುಟ್ಟಿದಾಗಿನಿಂದ ಇಬ್ಬರನ್ನೂ ನೋಡುತ್ತಿದ್ದೇನೆ, ಇದನ್ನು ಗಮನಿಸಿಯೇ ಇರಲಿಲ್ಲ.

ಒಂದು ಫೋಟೊದಲ್ಲಿ ನಾನು ಮೆಜೆಸ್ಟಿಕ್‌ನಲ್ಲಿ ಅಪ್ಪನ ಕೈ ಹಿಡಿದು ನಿಂತಿದ್ದೇನೆ. ಹಿಂದೆ ಕೆಂಪು ಬಸ್ಸು, ಮೈಮೇಲೆ ಬಿ.ಟಿ.ಎಸ್. ಅಕ್ಷರ. ಬೆಂಗಳೂರಿನ ಸಿಟಿ ಬಸ್ಸುಗಳ ಹಳೆಯ ಹೆಸರು ಅದು, ಅದರ ಜಾಗಕ್ಕೆ ಬಿ.ಎಂ.ಟಿ.ಸಿ. ಬಂದದ್ದು 1997ರಲ್ಲಿ. ಹಾಗಾಗಿ ಅದಕ್ಕಿಂತ ಮುಂಚಿನದು ಅಂತ ನಾನು ಬರೆದೆ. ಅಮ್ಮ ತಲೆಯಾಡಿಸಿದಳು. "ಮುಂದಿನ ಹಲ್ಲು ಬಿದ್ದಿದೆ ನೋಡು. ಒಂದನೇ ಕ್ಲಾಸು. ಅವತ್ತು ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನೋಡ್ಕೊಂಡು ಬರ್ತಿದ್ವಿ, ಸ್ವೆಟರ್ ಹಾಕಿದೀಯ, ಜನವರಿ ಇರಬೇಕು." ಬಸ್ಸು ನೋಡಿ ನನಗೆ ದಶಕ ಸಿಕ್ಕಿತ್ತು, ಅಮ್ಮನ ಮಾತಿನಲ್ಲಿ ತಿಂಗಳೇ ಸಿಕ್ಕಿತು.

ಈ ನಡುವೆ ಹೊಸ ಎ.ಐ. ಸೇವೆಯೊಂದನ್ನು ಪ್ರಯತ್ನಿಸಿದೆ. ಅಮ್ಮ ಅಪ್ಪನ ಮದುವೆಯ ಕಪ್ಪು ಬಿಳುಪು ಫೋಟೊಗೆ ಬಣ್ಣ ತುಂಬಿಸಿ, ಮಸುಕನ್ನು ತೆಗೆಸಿ, ಅಮ್ಮನಿಗೆ ತೋರಿಸಿದೆ. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಬಹಳ ಹೊತ್ತು ನೋಡಿದಳು. "ಸೀರೆ ನೀಲಿ ಅಲ್ಲ, ಎಲೆ ಹಸಿರು. ಮೈಸೂರು ಸಿಲ್ಕು. ಇವರು ಯಾರು, ನಿಮ್ಮ ತಾತ ಅಲ್ವಲ್ಲ?" ಅಂದಳು. ಹಿಂದೆ ನಿಂತಿದ್ದ ತಾತನ ಮುಖ ಮೂಲದಲ್ಲಿ ಮಸುಕಾಗಿತ್ತು. ಯಂತ್ರ ಅಲ್ಲಿಗೆ ಬೇರೆ ಯಾರದೋ ಕಣ್ಣು, ಬೇರೆ ಯಾರದೋ ಬಾಯಿ ಇಟ್ಟಿತ್ತು. ನುಣುಪಾಗಿ, ಸ್ಪಷ್ಟವಾಗಿ ಇತ್ತು, ತಾತ ಆಗಿರಲಿಲ್ಲ. ಇಲ್ಲದ ವಿವರವನ್ನು ಇವು ಊಹಿಸಿ ತುಂಬುತ್ತವೆ. ಮುಂದೆ ಮಕ್ಕಳು ಅದನ್ನೇ ತಾತ ಅಂತ ನಂಬುತ್ತಾರೆ. ಆ ಪ್ರತಿಯನ್ನು ಅಳಿಸಿದೆ. ಮೂಲ ಫೋಟೊದ ಕೆಳಗೆ "ಸೀರೆ ಎಲೆ ಹಸಿರು ಮೈಸೂರು ಸಿಲ್ಕ್" ಅಂತ ಬರೆದೆ. ಬಣ್ಣ ಬೇಕಾದವರಿಗೆ ಅಮ್ಮನ ಮಾತೇ ಇದೆ.

ಪ್ರತಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದು ಪ್ರತಿ ಲ್ಯಾಪ್‌ಟಾಪಿನ ಎಸ್‌.ಎಸ್‌.ಡಿ.ಯಲ್ಲಿ. ವಾರಕ್ಕೊಮ್ಮೆ ಒಂದು ಹಾರ್ಡ್ ಡಿಸ್ಕಿಗೆ. ಇನ್ನೊಂದು ಡಿಸ್ಕ್ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿ. ಮೂರು ತಿಂಗಳಿಗೊಮ್ಮೆ ಹೋದಾಗ ಎರಡನ್ನೂ ಅದಲು ಬದಲು ಮಾಡುತ್ತೇವೆ. ಒಟ್ಟು ಈಗ 41 ಸಾವಿರ ಫೋಟೊ ಮತ್ತು ವಿಡಿಯೊ, 310 ಜಿ.ಬಿ. ಒಮ್ಮೆ ಬೇಕೆಂದೇ ಬೇರೆ ಕಂಪ್ಯೂಟರಿನಲ್ಲಿ ಡಿಸ್ಕಿನಿಂದ ಎಲ್ಲವನ್ನೂ ವಾಪಸ್ ತಂದು ನೋಡಿದೆ. ಆಗ ಗೊತ್ತಾಯಿತು, ಫೋಟೊಗಳು ಬಂದವು, ಹೆಸರುಗಳು ಬರಲಿಲ್ಲ. ಎದೆ ಧಸಕ್ಕೆಂದಿತು. ನಾವು ಕೊಟ್ಟ ಹೆಸರುಗಳು ಫೋಟೊದ ಒಳಗೆ ಇರುವುದಿಲ್ಲ, ಇಮಿಚ್‌ನ ಡೇಟಾಬೇಸ್‌ನಲ್ಲಿ ಇರುತ್ತವೆ. ಅದರ ನಕಲನ್ನು ಇಮಿಚ್ ತಾನೇ ದಿನವೂ ಒಂದು ಫೋಲ್ಡರ್‌ನಲ್ಲಿ ಇಡುತ್ತದೆ. ನಾನು ಫೋಟೊಗಳ ಫೋಲ್ಡರನ್ನು ಮಾತ್ರ ಕಾಪಿ ಮಾಡುತ್ತಿದ್ದೆ. ಈಗ ಎರಡೂ ಹೋಗುತ್ತವೆ. ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಫೋಟೊದ ನಂಬರು, ಅದರ ಪಕ್ಕದಲ್ಲಿ ಅಮ್ಮ ಹೇಳಿದ್ದು, ಅವಳದೇ ಮಾತಿನಲ್ಲಿ. ನಾಳೆ ಇಮಿಚ್ ಹೋಗಿ ಇನ್ಯಾವುದೋ ಬಂದರೂ ಅದನ್ನು ನೋಡಿ ಮತ್ತೆ ಬರೆಯಬಹುದು.

ಡಿಸ್ಕನ್ನು ಯಾವತ್ತು ಬೇಕಾದರೂ ಕೊಳ್ಳಬಹುದು, ಮುಂದಿನ ವರ್ಷ ಇನ್ನೂ ಒಳ್ಳೆಯ ಆ್ಯಪ್ ಬರಬಹುದು. ಅಮ್ಮನಿಗೆ ಈಗ ಎಪ್ಪತ್ತಮೂರು. ಶುರುವಿನಲ್ಲಿ ಥಟ್ಟನೆ ಹೇಳುತ್ತಿದ್ದ ಕೆಲವು ಹೆಸರುಗಳಿಗೆ ಈಗ ಕಣ್ಣು ಮುಚ್ಚಿ ಯೋಚಿಸುತ್ತಾಳೆ. ಹಾಗಾಗಿ ನನ್ನನ್ನು ಕೇಳಿದವರಿಗೆಲ್ಲ ಹೇಳುವುದು ಒಂದೇ: ಯಂತ್ರ ಆಮೇಲೆ ಕೊಳ್ಳಿ, ಈ ಭಾನುವಾರವೇ ಆಲ್ಬಮ್ ತೆಗೆದು ಹಿರಿಯರ ಪಕ್ಕ ಕೂತುಕೊಳ್ಳಿ, ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ.

ನಮ್ಮಲ್ಲಿ ಇನ್ನೂ ಮೂರು ಮುಖಗಳಿಗೆ ಹೆಸರು ಸಿಕ್ಕಿಲ್ಲ. ಅವರಲ್ಲಿ ಒಬ್ಬ, ಜಾಲಹಳ್ಳಿಯ ಎಚ್‌.ಎಂ.ಟಿ. ಕಾರ್ಖಾನೆಯ ಗೇಟಿನ ಮುಂದೆ ಅಪ್ಪನ ಹೆಗಲ ಮೇಲೆ ಕೈ ಹಾಕಿ ನಗುತ್ತಿರುವ ಹುಡುಗ. ಅಮ್ಮನಿಗೂ ಗೊತ್ತಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ವಿದ್ಯಾರಣ್ಯಪುರದಲ್ಲಿ ಇದ್ದಾರೆ ಅಂತ ಮೊನ್ನೆ ತಿಳಿಯಿತು. ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ. ಬರುವ ಭಾನುವಾರ ಅಮ್ಮನೂ ಬರುತ್ತಾಳಂತೆ.