ರಾಶಿ ಬಿದ್ದ ಪುಸ್ತಕಗಳಿಗೆ ಬೇಸಿಗೆ ಲೆಕ್ಕ

ಹೋದ ವರ್ಷ "ಬೇಸಿಗೆಯಲ್ಲಿ 25 ಪುಸ್ತಕ ಓದೇ ಓದ್ತೀನಿ" ಅಂತ ಮನೆಯವರ ಮುಂದೆ ಹೇಳಿ, ನಾಲ್ಕಕ್ಕೇ ಸುಸ್ತಾದವಳು ನಾನು. ಈ ಸಲ ಪುಸ್ತಕ ಎಣಿಸೋದು ಬಿಟ್ಟು ಪುಟ ಎಣಿಸ್ತಿದೀನಿ. ನೀವೂ ಮಾಡಿ ನೋಡಿ.

ಮೊದಲು ಇಡೀ ರಾಶಿ ನೆಲಕ್ಕಿಳಿಸಿ. ನಮ್ಮನೇಲಿ ಅದು ಹೊಲಿಗೆ ಮಷೀನಿನ ಮೇಲಿತ್ತು. ಧೂಳು ಒರೆಸುವಾಗ ಒಂದೇ ಕಾದಂಬರಿಯ ಎರಡು ಪ್ರತಿ ಸಿಕ್ಕವು! ನವೆಂಬರಿನ ರಾಜ್ಯೋತ್ಸವ ರಿಯಾಯಿತಿಯ ಮಹಿಮೆ. ಪ್ರತಿಯೊಂದರ ಮೊದಲ 10 ಪುಟ ಓದಿ. ಹಿಡಿದು ಕೂರಿಸಿದ್ದು ಈಚೆಗೆ, ಮಿಕ್ಕಿದ್ದು ಕಪಾಟಿಗೆ.

ಈಗ ಲೆಕ್ಕ. ಏಪ್ರಿಲ್ 10ರಿಂದ ಮೇ 28ರವರೆಗೆ 49 ದಿನ. ಮದುವೆ, ಗೃಹಪ್ರವೇಶ, ಊರ ಜಾತ್ರೆ ಅಂತ 7 ಕಳೆಯಿರಿ. ದಿನಕ್ಕೆ 20 ಪುಟದಂತೆ 840 ಪುಟ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಒಂದೇ ಸುಮಾರು 700 ಪುಟ ಇದೆ. ಅದನ್ನು ಹಿಡಿದರೆ ಜೊತೆಗೆ ತೆಳ್ಳನೆಯ ಒಂದು ಕಥಾಸಂಕಲನಕ್ಕಷ್ಟೇ ಜಾಗ. 25 ಎಲ್ಲಿಂದ ಬರಬೇಕು ಹೇಳಿ!

ದಪ್ಪದ್ದನ್ನು ಬೆಳಿಗ್ಗೆ ಕಾಫಿ ಜೊತೆ, ಬಿಸಿಲೇರುವ ಮುಂಚೆ ಓದಿ. ಮಧ್ಯಾಹ್ನ ಕರೆಂಟ್ ಹೋದಾಗ ಅದು ತಲೆಗೆ ಹತ್ತಲ್ಲ, ಸಣ್ಣ ಕಥೆಯೇ ಸರಿ. ನಾನಂತೂ ತಾರಸಿ ಮೇಲೆ ಸಂಡಿಗೆಗೆ ಕಾಗೆ ಕಾಯುವಾಗ ನೆರಳಲ್ಲಿ ಕೂತು ಎರಡು ಕಥೆ ಮುಗಿಸಿದೆ. ಒಂದು ಸಾಲು ಸಂಡಿಗೆ ಕಾಗೆ ಪಾಲಾಯ್ತು, ಅತ್ತೆಗೆ ಇನ್ನೂ ಹೇಳಿಲ್ಲ.