ಇಂಬಳ ಬಿಡಿಸಲು ಹಳೆಯ ಎಟಿಎಂ ಕಾರ್ಡ್
ಮಳೆಗಾಲದಲ್ಲಿ ಕುದುರೆಮುಖ, ಆಗುಂಬೆ ಕಡೆ ಹೊರಟವರು ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಅವಧಿ ಮುಗಿದ ಎಟಿಎಂ ಕಾರ್ಡ್ ಒಂದನ್ನು ಹಾಕಿಕೊಳ್ಳಿ. ಇಂಬಳ (ಕಾಡಿನ ಜಿಗಣೆ) ಬಿಡಿಸಲು ಬಹಳ ಅನುಕೂಲ. ಇಂಬಳ ಎರಡೂ ತುದಿಗಳಿಂದ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ರಕ್ತ ಹೀರುವುದು ಸಪೂರ ತುದಿ. ಕಾರ್ಡಿನ ಅಂಚನ್ನು ಚರ್ಮಕ್ಕೆ ಒತ್ತಿ ಮೊದಲು ಆ ತುದಿಯ ಕೆಳಗೆ ಜಾರಿಸಿ, ಆಮೇಲೆ ದಪ್ಪ ತುದಿ. ಹಿಡಿತ ತಪ್ಪಿದೊಡನೆ ದೂರ ಚಿಮ್ಮಿಸಿ, ಇಲ್ಲದಿದ್ದರೆ ನಿಮ್ಮ ಬೆರಳನ್ನೇ ಹಿಡಿಯುತ್ತದೆ! ಉಪ್ಪು, ಬೆಂಕಿಕಡ್ಡಿಗೂ ಬೀಳುತ್ತದೆ ನಿಜ, ಆದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಬಿಡಿಸಿದ ಮೇಲೂ ರಕ್ತ ಒಸರುತ್ತಲೇ ಇರುತ್ತದೆ. ಸೋಪಿನಿಂದ ತೊಳೆದು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಮೂಗಿನೊಳಗೆ ಹೊಕ್ಕಿದ್ದರೆ, ಕಣ್ಣಿಗೆ ಅಂಟಿದ್ದರೆ ಕಾರ್ಡ್ ಕೆಲಸಕ್ಕೆ ಬಾರದು, ವೈದ್ಯರೇ ತೆಗೆಯಬೇಕು.